ಮನೋಲಿ ಅಂಕಲ್ ಕುಣಿದ ದಿನ

ನಿನ್ನೆ ಹುಬ್ಬಳ್ಳಿಗೆ ಹೋಗಿಬಂದ ಗೆಳತಿಯೊಬ್ಬಳು ಒಂದು ಕಟ್ಟು ಕಡಕ್ ರೊಟ್ಟಿ ತಂದುಕೊಟ್ಟಳು. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿ, ವಿಮಾನದಿಂದ ವಿಮಾನಕ್ಕೆ ಎಸೆಸಿಕೊಂಡು ಬಂದ ರೊಟ್ಟಿ. ಅರ್ಧ ಪುಡಿಯಾಗಿತ್ತು. ಉಳಿದದ್ದರಲ್ಲಿ ಒಂದನ್ನು ಮುರಿದೆ, ಕಟ್ ಎಂದಿತು. ಧಾರವಾಡದ ಹೆಣ್ಣುಮಗಳಿಗೆ ಆ ಸದ್ದಿನಿಂದ ನೆನಪಾಗಬೇಕಾದದ್ದು ತವರಿನ ಅಡುಗೆಮನೆ, ಗುರೆಳ್ಳು ಚಟ್ನಿ, ಜಜ್ಜಿದ ಉಳ್ಳಾಗಡ್ಡಿ. ನನಗೆ ನೆನಪಾದದ್ದು ಮನೋಲಿ ಅಂಕಲ್. ಅವರು ಧಾರವಾಡದವರಲ್ಲ, ಭಾರತವನ್ನು ಕಂಡವರೂ ಅಲ್ಲ. ಗ್ರೀಸ್ ದೇಶದ ಕಲಿಮ್ನೋಸ್ ಎಂಬ ಕಲ್ಲುದ್ವೀಪದಲ್ಲಿ ಹುಟ್ಟಿ, ಟೆಕ್ಸಸ್ಸಿನ ಹೂಸ್ಟನ್ನಿನಲ್ಲಿ ಹೋಟೆಲು ಇಟ್ಟವರು.

ನಾವು ಈ ಊರಿಗೆ ಬಂದ ಹೊಸತು. ಶನಿವಾರಗಳಂದು ನಾನೂ ನನ್ನ ಗಂಡನೂ ಹಿಲ್‌ಕ್ರಾಫ್ಟ್ ರಸ್ತೆಯ ಮಹಾತ್ಮ ಗಾಂಧಿ ಡಿಸ್ಟ್ರಿಕ್ಟಿಗೆ ಹೋಗಿ ಜೋಳದ ಹಿಟ್ಟು ಹುಡುಕುವುದು ಒಂದು ವ್ರತವಾಗಿತ್ತು. ಸೀರೆ ಅಂಗಡಿ ದಾಟಿದರೆ ದಿನಸಿ ಅಂಗಡಿ, ದಿನಸಿ ಅಂಗಡಿ ದಾಟಿದರೆ ಮಿಠಾಯಿ ಅಂಗಡಿ. ಸಜ್ಜೆ ಹಿಟ್ಟು ಸಿಕ್ಕುತ್ತಿತ್ತು, ಮೆಕ್ಕೆಜೋಳದ ಹಿಟ್ಟು ಸಿಕ್ಕುತ್ತಿತ್ತು, ಬಿಳಿಜೋಳ ಕೇಳಿದರೆ ಅಂಗಡಿಯವರು ‘ಮುಂದಿನ ವಾರ’ ಎನ್ನುತ್ತಿದ್ದರು. ಅಂಥ ಒಂದು ಶನಿವಾರ ಕಾರಿನಲ್ಲಿ ಜಗಳವಾಯಿತು. ಹಸಿದ ಗಂಡಹೆಂಡಿರ ಜಗಳಕ್ಕೆ ಜೋಳವೇ ಬೇಕೆಂದೇನಿಲ್ಲ ಬಿಡಿ, ಆ ದಿನ ಅದೇ ಸಿಕ್ಕಿತು. ಕೊನೆಗೆ ಅವನು ಸಿಟ್ಟಿನಲ್ಲಿ ಎದುರು ಕಂಡ ಪಾರ್ಕಿಂಗ್ ಲಾಟಿಗೆ ಕಾರು ತಿರುಗಿಸಿದ. ನೀಲಿ ಬಣ್ಣ ಬಿಸಿಲಿಗೆ ಬೆಳ್ಳಗಾದ ಒಂದು ಬಾಗಿಲು. ಒಳಗೆ ಹೋದೆವು.

ಅಲ್ಲಿಯ ಮೆನುವಿನಲ್ಲಿ ಅರ್ಧ ಗ್ರೀಸು, ಅರ್ಧ ಟೆಕ್ಸಸ್ಸು. ಎರಡರಲ್ಲೂ ನಮ್ಮಂಥ ಸಸ್ಯಾಹಾರಿಗಳಿಗೆ ಜಾಗವಿದ್ದಂತೆ ಕಾಣಲಿಲ್ಲ. ದಪ್ಪ ಮೀಸೆಯ, ಬಿಳಿ ಏಪ್ರನ್ ಕಟ್ಟಿದ ಯಜಮಾನರೇ ಮೇಜಿನ ಬಳಿ ಬಂದರು. ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷು. ಗ್ರೀಕಿನ ಒರಟು, ಟೆಕ್ಸಸ್ಸಿನ ಎಳೆತ ಎರಡೂ ಕೂಡಿದ ಇಂಗ್ಲಿಷು. ಆದರೆ ಇಷ್ಟು ವರ್ಷಗಳಲ್ಲಿ ಅದು ನನ್ನ ನೆನಪಿನೊಳಗೆ ತಾನಾಗಿಯೇ ಧಾರವಾಡದ ಮಾತಾಗಿಬಿಟ್ಟಿದೆ. ಬೇರೆ ಥರ ಬರೆಯಲು ಹೋದರೆ ಅದು ಅವರ ಮಾತೇ ಅನ್ನಿಸುವುದಿಲ್ಲ.

“ನಾವ್ ಮಾಂಸ ತಿನ್ನಂಗಿಲ್ರಿ. ಮೀನೂ ಇಲ್ಲ, ತತ್ತೀನೂ ಇಲ್ಲ,” ಎಂದೆ.

“ಯಾಕ? ಆರಾಮ ಇಲ್ಲೇನು?”

“ಆರಾಮ ಇದ್ದೀವ್ರಿ.”

“ಮನ್ಯಾಗ ಯಾರರ ತೀರಿಕೊಂಡಾರೇನು?”

ಇಲ್ಲ, ಹುಟ್ಟಿದಾಗಿನಿಂದ ಹೀಗೇ ಎಂದಾಗ ಅವರ ಮುಖದಲ್ಲಿ ಮೊದಲು ಮರುಕ, ಆಮೇಲೆ ಗೌರವ ಮೂಡಿತು. “ಹಂಗಂದ್ರ ನೀವು ವರ್ಷಪೂರ್ತಿ ಉಪಾಸ ಮಾಡೋ ಮಂದಿ!” ಎಂದು ಅಡುಗೆಮನೆಗೆ ಹೋದರು.

ಈಸ್ಟರಿಗೆ ಮುಂಚೆ ಅವರಲ್ಲಿ ಬಹಳ ದಿನಗಳ ಉಪವಾಸವುಂಟು. ಆ ದಿನಗಳಲ್ಲಿ ಮಾಂಸ, ಹಾಲು, ಮೊಸರು, ಮೊಟ್ಟೆ ಎಲ್ಲ ವರ್ಜ್ಯ. ಆ ಅಡುಗೆಯನ್ನೇ ಅವರು ನಮಗೆ ತಂದಿಟ್ಟರು: ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ಕಡಲೆಕಾಳಿನ ಸಾರು, ಎಣ್ಣೆ ನಿಂಬೆಹಣ್ಣು ಹಿಂಡಿದ ಬೇಯಿಸಿದ ಸೊಪ್ಪು. ಒಂದು ತಟ್ಟೆಯಲ್ಲಿ ಎಂಟು ಕಾಲಿನ ಆಕ್ಟೋಪಸ್ಸೂ ಬಂತು. ಅದಕ್ಕೆ ರಕ್ತವಿಲ್ಲವಂತೆ, ಆದ್ದರಿಂದ ಉಪವಾಸಕ್ಕೆ ಅಡ್ಡಿಯಿಲ್ಲವಂತೆ. ಶಾಸ್ತ್ರ ಎಲ್ಲ ಕಡೆಯೂ ತನಗೆ ಬೇಕಾದ ಕಿಟಕಿಯೊಂದನ್ನು ತೆರೆದಿಟ್ಟುಕೊಂಡಿರುತ್ತದೆ. ಆ ತಟ್ಟೆಯನ್ನು ಕೈಮುಗಿದು ವಾಪಸು ಕಳಿಸಿದೆವು. ಕೊನೆಗೆ ಬಂದದ್ದು ಕಲ್ಲಿನಂಥ ಒಂದು ಕಂದು ರೊಟ್ಟಿ. ಜವೆಗೋಧಿಯದು, ಎರಡು ಸಲ ಬೇಯಿಸಿ ಒಣಗಿಸಿದ್ದು, ಹಡಗಿನವರು ತಿಂಗಳುಗಟ್ಟಲೆ ಇಟ್ಟುಕೊಳ್ಳುವಂಥದ್ದು. ನೀರು ಚಿಮುಕಿಸಿ ಮೇಲೆ ಟೊಮೆಟೊ, ಹಸಿ ಉಳ್ಳಾಗಡ್ಡಿ ಹಾಕಿದ್ದರು. ಮುರಿದೆ. ಕಟ್ ಎಂದಿತು. ಬಾಯಿಗಿಟ್ಟುಕೊಂಡು ನಾನು ಅತ್ತುಬಿಟ್ಟೆ. ಗಂಡನಿಗೆ ನಾಚಿಕೆ. ಯಜಮಾನರು ಮಾತ್ರ ಉಳ್ಳಾಗಡ್ಡಿಯ ತಟ್ಟೆಯನ್ನು ನನ್ನಿಂದ ಸ್ವಲ್ಪ ದೂರ ಸರಿಸಿ, ತಪ್ಪು ಅದರದ್ದೇ ಎಂಬಂತೆ ಸುಮ್ಮನೆ ನಿಂತರು. ಒಳ್ಳೆಯ ಮನುಷ್ಯರನ್ನು ನಾನು ಇಂಥದ್ದರಲ್ಲಿ ಗುರುತು ಹಿಡಿಯುತ್ತೇನೆ.

ಅವರ ಹೆಸರು ಮನೋಲಿಸ್. ಕರೆಯುವಾಗ ಮನೋಲಿ. ನಮ್ಮ ಸವದತ್ತಿ ಹತ್ತಿರದ ಮುನವಳ್ಳಿಯನ್ನು ಹಳೆಯ ಮಂದಿ ಮನೋಳಿ ಎನ್ನುತ್ತಾರೆ, ಹೀಗಾಗಿ ಹೆಸರು ನಾಲಗೆಗೆ ಹೊಸದೆನ್ನಿಸಲಿಲ್ಲ. ನಾನು ರೂಢಿಯಂತೆ ‘ಅಂಕಲ್’ ಸೇರಿಸಿದೆ. “ನಾ ನಿನಗ ಯಾವ ಕಡಿಂದ ಅಂಕಲ್?” ಎಂದು ಕೇಳಿದವರು, ಆಮೇಲೆ ತಾವೇ ನನ್ನನ್ನು ‘ಕೋರಿ ಮು’ ಎನ್ನತೊಡಗಿದರು. ‘ನನ್ನ ಮಗಳೇ’ ಎಂದರ್ಥ. ನಮ್ಮ ಕಡೆಯ ‘ಯವ್ವಾ’ ಎಂದಿಟ್ಟುಕೊಳ್ಳಿ. ಹೆಂಡತಿ ತೀರಿಕೊಂಡಿದ್ದರು. ಇರೀನಿ ಎಂಬ ಒಬ್ಬಳೇ ಮಗಳು, ಆಸ್ಟಿನ್ನಿನಲ್ಲಿ ಓದುತ್ತಿದ್ದಳು, ರಜೆ ಬಂದರೆ ಕೌಂಟರಿನಲ್ಲಿ ಕೂರುತ್ತಿದ್ದಳು.

ಕೌಂಟರಿನ ಹಿಂದಿನ ಗೋಡೆಯ ಮೇಲೆ ಒಂದು ಕಪ್ಪು ಬಿಳುಪು ಫೋಟೋ ಇತ್ತು. ಉಬ್ಬಿದ ರಬ್ಬರಿನ ಉಡುಪು ತೊಟ್ಟ ಒಬ್ಬ ಯುವಕ, ಕಂಕುಳಲ್ಲಿ ಗಾಜಿನ ಕಿಟಕಿಯಿರುವ ದೊಡ್ಡ ಲೋಹದ ಶಿರಸ್ತ್ರಾಣ. ಹೂಸ್ಟನ್ ಎಂದರೆ ಆಕಾಶಕ್ಕೆ ಹೋಗುವವರ ಊರು ಎಂದು ಶಾಲೆಯಲ್ಲಿ ಓದಿದವಳು ನಾನು. ಒಂದು ದಿನ ಬಹಳ ತಿಳಿದವಳಂತೆ ಕೇಳಿದೆ: “ಅಂಕಲ್, ಇವರು ಗಗನಯಾತ್ರಿ ಏನ್ರಿ? ನಿಮ್ಮ ಸಂಬಂಧಿಕರಾ?”

ಅವರು ನಕ್ಕ ರಭಸಕ್ಕೆ ಕಾಫಿ ಚೆಲ್ಲಿತು. “ಇವ ಮ್ಯಾಲೆ ಹೋದಾವ ಅಲ್ಲ ಯವ್ವಾ, ಕೆಳಗ ಹೋದಾವ. ನಮ್ಮಪ್ಪ.”

ಕಲಿಮ್ನೋಸಿನಲ್ಲಿ ಮಣ್ಣು ಕಡಿಮೆ, ನೀರು ಕಡಿಮೆ. ಜನ ಬದುಕಿದ್ದು ಸಮುದ್ರದ ತಳದ ಸ್ಪಂಜಿನಿಂದ. ಈಸ್ಟರ್ ಮುಗಿದ ಮೇಲೆ ದೋಣಿಗಳು ಆಫ್ರಿಕದ ಕರಾವಳಿಗೆ ಹೋದರೆ ಚಳಿಗೆ ಮುಂಚೆ ತಿರುಗಿ ಬರುತ್ತಿದ್ದವು. ಆಳದಲ್ಲಿ ಹೆಚ್ಚು ಹೊತ್ತು ಇದ್ದು ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿಯ ಗುಳ್ಳೆಯೆದ್ದು ಕೈಕಾಲು ಹೋಗುತ್ತದೆ. ಗೊತ್ತಿದ್ದೂ ಇಳಿಯುತ್ತಿದ್ದರು. ಮನೋಲಿ ಇನ್ನೂ ಹುಡುಗನಾಗಿದ್ದಾಗ, ಒಂದು ವರ್ಷ ದೋಣಿಗಳು ಬಂದವು. ಉಳಿದವರು ನಡೆದು ಇಳಿದರು, ಅಪ್ಪನನ್ನು ಇಬ್ಬರು ಹೊತ್ತು ಇಳಿಸಿದರು. ಆಮೇಲೆ ಅವರು ಕೋಲು ಊರಿ ನಡೆದರಾದರೂ ಕಾಲು ಹೆಜ್ಜೆಹೆಜ್ಜೆಗೂ ನಡುಗುತ್ತಿತ್ತು.

ಆ ದ್ವೀಪದಲ್ಲಿ ಆ ನಡುಕವೇ ಒಂದು ಕುಣಿತ. ಸಾಲಾಗಿ ಕೈಹಿಡಿದು ನಿಲ್ಲುತ್ತಾರೆ. ಮೊದಲಿಗ ಕೋಲು ಊರಿಕೊಂಡು ಬರುತ್ತಾನೆ. ಅವನ ಕಾಲು ಅದುರುತ್ತದೆ, ಸೊಂಟ ಕುಸಿಯುತ್ತದೆ, ಪಕ್ಕದವರು ಹಿಡಿಯುತ್ತಾರೆ. ನಡುವೆ ಒಂದು ಗಳಿಗೆ ವಯೊಲಿನ್ ಚುರುಕಾಗುತ್ತದೆ. ಅವನು ಕೋಲು ಬಿಸಾಡಿ, ಮೊದಲು ಹೇಗೆ ಕುಣಿಯುತ್ತಿದ್ದನೋ ಹಾಗೆ ಕುಣಿಯಲು ಹೋಗುತ್ತಾನೆ. ಆಗುವುದಿಲ್ಲ. ಮತ್ತೆ ಕೋಲಿಗೇ ಬರುತ್ತಾನೆ.

“ಒಂದು ಜಾತ್ರ್ಯಾಗ ನಮ್ಮೂರ ಹುಡುಗನೊಬ್ಬ ಅದನ್ನ ಕುಣದ,” ಎಂದರು ಮನೋಲಿ ಅಂಕಲ್. “ಗಟ್ಟಿಮುಟ್ಟ ಹುಡುಗ. ಬೇಕಂತ ಕಾಲು ನಡುಗಿಸಾಕತ್ತಿದ್ದ. ಪ್ರವಾಸಕ್ಕ ಬಂದ ಮಂದಿ ಚಪ್ಪಾಳಿ ತಟ್ಟಿದ್ರು. ಹೊಳ್ಳಿ ನೋಡಿದ್ರ ನಮ್ಮಪ್ಪನೂ ತಟ್ಟಾಕತ್ತಾನ! ನನಗ ಮೈ ಉರದು ಹೋತು. ಮನೀಗೆ ಬಂದು ಕೇಳಿದೆ, ನಿನ್ನ ಕಾಲು ಇವರಿಗೆ ಆಟ ಆತೇನು ಅಂತ.”

“ಅವರೇನಂದ್ರು?”

“ಕುಣೀಲಿಲ್ಲಂದ್ರ ನಮ್ಮನ್ನ ಮರತ ಬಿಡ್ತಾರೋ ಮಗನ, ಅಂದ. ನನಗ ಅದು ತಿಳೀಲಿಲ್ಲ. ಹಡಗದ ಕೆಲಸ ಹಿಡದೆ. ಹೊಂಡೂ ದಿವಸ ಅಪ್ಪ ಅಂದ: ಸಮುದ್ರಕ್ಕ ಹೋಗು, ಬ್ಯಾಡ ಅನ್ನಂಗಿಲ್ಲ. ಆದ್ರ ಮ್ಯಾಲೇ ಇರು. ಕೆಳಗ ಇಳೀಬ್ಯಾಡ.”

ಆ ಹಡಗು ಗ್ಯಾಲ್ವೆಸ್ಟನ್ ಬಂದರಿಗೆ ಬಂದಾಗ ಹುಡುಗ ಇಳಿದವನು ತಿರುಗಿ ಹತ್ತಲಿಲ್ಲ. ಪಾತ್ರೆ ತೊಳೆದ, ಅಡುಗೆ ಕಲಿತ. ಕಾಗದಪತ್ರಗಳಿಲ್ಲದ ಆ ವರ್ಷಗಳಲ್ಲಿ ಊರಲ್ಲಿ ಅಪ್ಪ ತೀರಿಕೊಂಡ, ಹೋಗಲಾಗಲಿಲ್ಲ. ಮುಂದೆ ಕಾಗದಪತ್ರಗಳಾದವು, ಹೋಟೆಲಾಯಿತು, ಸಂಸಾರವಾಯಿತು, ಆದರೂ ಹೋಗಲಿಲ್ಲ. “ಈಗ ಹೋಗಿ ಯಾರನ್ನ ನೋಡಲಿ?” ಎನ್ನುತ್ತಿದ್ದರು. ಹೂಸ್ಟನ್ನಿನ ಬಗ್ಗೆ ಮಾತ್ರ ಅವರಿಗೆ ತೀರದ ಒಂದು ತಕರಾರಿತ್ತು: “ಇಂಥಾ ಚಪ್ಪಟ ಊರು ಎಲ್ಲರ ಐತೇನು? ಹತ್ತಿ ನಿಂತು ಕೆಳಗ ನೋಡಾಕ ಒಂದು ಗುಡ್ಡ ಇಲ್ಲ.”

ಪ್ರತಿ ಈಸ್ಟರಿನ ದಿನ ಹೋಟೆಲಿಗೆ ರಜೆ. ಡಲ್ಲಾಸಿನಿಂದ ಅವರ ಚಿಕ್ಕಪ್ಪನ ಮಕ್ಕಳು ಸಂಸಾರ ಸಮೇತ ಬರುತ್ತಿದ್ದರು. ಮನೆಯ ಹಿಂದಿನ ಅಂಗಳದಲ್ಲಿ ಪೆಕಾನ್ ಮರದ ಕೆಳಗೆ ಮೇಜುಗಳು, ಕೆಂಪು ಬಣ್ಣದ ಮೊಟ್ಟೆಗಳು, ಹೊಟ್ಟೆಯಲ್ಲಿ ಅಕ್ಕಿ ತುಂಬಿಸಿಕೊಂಡು ಬೆಂದ ಕುರಿಮರಿ. ನಮ್ಮದು ಗಾಳಿಯ ದಿಕ್ಕು ನೋಡಿ ಹಾಕಿದ ಕೊನೆಯ ಮೇಜು. ಊಟವಾದ ಮೇಲೆ ಡಲ್ಲಾಸಿನವರ ಪೈಕಿ ನಿಕೋಸ್ ಎಂಬ ಹುಡುಗ ವಯೊಲಿನ್ ತೆಗೆಯುತ್ತಿದ್ದ. ಎಲ್ಲ ಕುಣಿತಗಳಿಗೂ ಮನೋಲಿ ಅಂಕಲ್ ಮುಂದಾಳು. ನಡುಕದ ಕುಣಿತದ ಆ ಒಂದು ಧಾಟಿ ಶುರುವಾದರೆ ಮಾತ್ರ “ಕಾಫಿ ನೋಡಿ ಬರ್ತೀನಿ” ಎಂದು ಒಳಗೆ ಹೋಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಯಾರೂ ತಡೆಯುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ನಮಗೆ ಮಗಳು ಹುಟ್ಟಿದಳು. ನನಗೆ ಇಲ್ಲಿ ಫಿಸಿಯೋಥೆರಪಿ ಮಾಡಲು ಲೈಸೆನ್ಸ್ ಸಿಕ್ಕಿತು. ಓದು ಮುಗಿಸಿದ ಇರೀನಿ ಬೇರೆ ಕೆಲಸ ಮಾಡಿ ನೋಡಿ, ಬೇಸರವಾಗಿ, ಅಪ್ಪನ ಅಡುಗೆಮನೆಗೇ ಬಂದಳು. ಜೋಳದ ಹಿಟ್ಟೂ ಹಿಲ್‌ಕ್ರಾಫ್ಟಿನಲ್ಲಿ ಸಿಗತೊಡಗಿತು. ಆದರೂ ಶನಿವಾರ ನಾವು ಹೋಗುವುದು ನಿಲ್ಲಲಿಲ್ಲ.

ಒಂದು ಬೆಳಿಗ್ಗೆ ಇರೀನಿ ಫೋನ್ ಮಾಡಿದಳು. ಅಪ್ಪ ಸೊಪ್ಪು ತೊಳೆಯುತ್ತಾ ನಿಂತಲ್ಲೇ ಕುಸಿದಿದ್ದರು. ಪಾರ್ಶ್ವವಾಯು. ಜೀವಕ್ಕೆ ಅಪಾಯವಾಗಲಿಲ್ಲ, ಮಾತೂ ಉಳಿಯಿತು, ಬಲಗಾಲು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬೇರೆ ಯಾರೂ ಬೇಡ, ನಾನೇ ಬರಬೇಕೆಂದು ಹಟ ಹಿಡಿದರು. ಹೋದೆ.

ಕಾಲು ಹೋಯಿತು ಎಂದೆನಲ್ಲ, ಪೂರ್ತಿ ಹೋಗಿರಲಿಲ್ಲ. ತಿಂಗಳುಗಳ ಮೇಲೆ ಶಕ್ತಿ ನಿಧಾನವಾಗಿ ಬರತೊಡಗಿತು. ಅದರ ಜೊತೆಗೆ ನಡುಕವೂ ಬಂತು. ಪಾದ ನೆಲಕ್ಕೆ ಊರಿದ ಕೂಡಲೇ ಮೀನಖಂಡ ಬಿಗಿದು, ಕಾಲು ತನ್ನಷ್ಟಕ್ಕೆ ತಾನೇ ಪಟಪಟ ಅದುರುತ್ತಿತ್ತು. ಇದು ಇಂಥ ರೋಗಿಗಳಲ್ಲಿ ನಾವು ಕಾಣುವಂಥದ್ದೇ. ನಾನು ನನ್ನ ವೃತ್ತಿಯ ಉತ್ಸಾಹದಲ್ಲಿ ವಿವರಿಸಿದೆ: “ಹಿಮ್ಮಡಿ ಮೊದಲು ಊರ್ರಿ ಅಂಕಲ್, ಭಾರ ಪೂರ್ತಿ ಬಿಡ್ರಿ, ತಾನ ನಿಲ್ತೈತಿ.” ಅವರು ಕೇಳಿಸಿಕೊಳ್ಳಲಿಲ್ಲ. ತಮ್ಮ ಕಾಲನ್ನೇ ನೋಡುತ್ತಿದ್ದರು. ಬಹಳ ದಿನಗಳ ಮೇಲೆ ಬಾಗಿಲಿಗೆ ಬಂದ ನೆಂಟನನ್ನು ನೋಡುವಂತೆ.

“ಸಮುದ್ರದಾಗ ಇಳೀಲಿಲ್ಲ ನಾ,” ಎಂದರು. “ಒಂದ ಸಲನೂ ಇಳೀಲಿಲ್ಲ. ಆದ್ರೂ ಬಂತು ನೋಡು.”

ನಾನು ಬಗ್ಗಿ ಅವರ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದೆ.

ಮನೆಯೊಳಗೆ ಕೋಲು ಹಿಡಿದು ನಡೆಯುವಷ್ಟಾದರು. ಆದರೆ ಹೋಟೆಲಿಗೆ ಕಾಲಿಡಲೊಲ್ಲರು. ಗಿರಾಕಿಗಳ ಮುಂದೆ ಹೀಗೆ ಹೋಗುವುದೇ? ಅವರೆಲ್ಲ ನೋಡುತ್ತಾರೆ. ಇರೀನಿ ಬೇಡಿಕೊಂಡಳು, ಸಿಟ್ಟು ಮಾಡಿದಳು. ಒಂದು ದಿನ ನನ್ನೆದುರಿಗೇ, “ನಿಮ್ಮ ಹೋಟ್ಲು ನಾ ಒಬ್ಬಾಕಿನ ಎಷ್ಟು ದಿವಸ ನಡಸಲಿ? ಬಂದು ಸುಮ್ಮನ ಕುಂದರ್ರಿ. ನನಗ ಸಾಕು. ಇಲ್ಲಾಂದ್ರ ಮುಚ್ಚಿಬಿಡ್ತೀನಿ,” ಎಂದು ಅತ್ತಳು. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಈಸ್ಟರ್ ಬಂತು. ಡಲ್ಲಾಸಿನವರು ಬರುವವರೇ. ಅವರನ್ನು ಬೇಡ ಎನ್ನಲು ಮನೋಲಿ ಅಂಕಲ್ಲಿಗೆ ಸಾಧ್ಯವಾಗಲಿಲ್ಲ. ಹೊರಗಿನವರಿಲ್ಲ, ಮನೆಯವರಷ್ಟೇ ಎಂಬ ಮಾತಿನ ಮೇಲೆ ಅಂಗಳಕ್ಕೆ ಬರಲು ಒಪ್ಪಿದರು. ಎಲ್ಲರೂ ಬರುವ ಮೊದಲೇ ಬಂದು ಪೆಕಾನ್ ಮರದ ಕೆಳಗೆ ಕುರ್ಚಿಯಲ್ಲಿ ಕೂತುಬಿಟ್ಟಿದ್ದರು, ನಡೆಯುವುದನ್ನು ಯಾರೂ ಕಾಣದಿರಲೆಂದು. ಮಡಿಲ ಮೇಲೆ ಒಂದು ಟವೆಲು. ಊಟವಾಯಿತು. ಕುಣಿತಗಳಾದವು. ಆಮೇಲೆ ನಿಕೋಸ್ ಯಾವುದೋ ಗುಂಗಿನಲ್ಲಿ ಆ ಧಾಟಿಯನ್ನು ಎತ್ತಿಕೊಂಡ. ಎತ್ತಿಕೊಂಡವನಿಗೆ ಥಟ್ಟನೆ ಅರಿವಾಗಿ ಕಮಾನು ನಿಂತಿತು. ಕಾಫಿ ನೋಡಲು ಒಳಗೆ ಎದ್ದುಹೋಗುವಂತೆಯೂ ಇರಲಿಲ್ಲ ಅವರಿಗೆ.

“ಯಾಕ ನಿಲ್ಲಿಸಿದಿ?” ಎಂದರು ಮನೋಲಿ ಅಂಕಲ್. “ಬಾರಿಸು.”

ಟವೆಲು ತೆಗೆದು ಮೇಜಿನ ಮೇಲಿಟ್ಟರು. ಕೋಲು ಊರಿದರು. ನಾನು ದಡಬಡಿಸಿ ಎದ್ದೆ. ಒರಟು ನೆಲ, ಊಟ ಮಾಡಿದ ಹೊಟ್ಟೆ, ಬಿದ್ದರೆ ಸೊಂಟ ಮುರಿಯುತ್ತದೆ, ಹೀಗೆ ನನ್ನ ತಲೆಯಲ್ಲಿ ಪಾಠ ಓಡುತ್ತಿತ್ತು. “ನೀ ಕುಂದ್ರು ಯವ್ವಾ,” ಎಂದರು, ನನ್ನ ಕಡೆ ನೋಡದೆ. ಇರೀನಿ ಓಡಿಬಂದು ಎಡಗೈ ಹಿಡಿದಳು. ಅವಳ ಪಕ್ಕಕ್ಕೆ ಒಬ್ಬೊಬ್ಬರೇ ಸೇರಿ ಸಾಲಾಯಿತು. ಬಲಗಾಲು ನೆಲಕ್ಕೆ ಬಿತ್ತು. ನಡುಗಿತು. ನಟಿಸುವ ಕೆಲಸವೇ ಇರಲಿಲ್ಲ. ಒಂದು ಹೆಜ್ಜೆ, ನಡುಕ. ಇನ್ನೊಂದು ಹೆಜ್ಜೆ, ನಡುಕ. ವಯೊಲಿನ್ ಅವರ ಕಾಲಿಗಾಗಿ ಕಾಯುತ್ತಾ ಬಂತು. ಸಾಲು ಅರ್ಧ ಸುತ್ತು ತಿರುಗುವ ಹೊತ್ತಿಗೆ ಕೋಲು ಬಿಸಾಡುವ ಜಾಗ ಬಂತು. ನಿಕೋಸ್ ಅಲ್ಲಿ ಚುರುಕು ಮಾಡಲು ಅಂಜಿದ. ಮನೋಲಿ ಅಂಕಲ್ ತಲೆಯಾಡಿಸಿದರು, ‘ಮಾಡು’ ಎಂಬಂತೆ.

ಕೋಲನ್ನು ಬಿಸಾಡಲಿಲ್ಲ. ನೆಲದಿಂದ ಒಂದು ಗೇಣು ಮೇಲಕ್ಕೆತ್ತಿ ಹಿಡಿದರು, ಅಷ್ಟೇ. ಮಗಳ ಕೈ ಹಿಡಿದಿತ್ತು ನಿಜ, ಆದರೆ ಭಾರ ಅವಳ ಮೇಲೆ ಇರಲಿಲ್ಲ. ತಿಂಗಳುಗಟ್ಟಲೆ ‘ಭಾರ ಬಿಡ್ರಿ, ಭಾರ ಬಿಡ್ರಿ’ ಎಂದು ನಾನು ಗಂಟಲು ಹರಿದುಕೊಂಡಿದ್ದ ಬಲಗಾಲಿನ ಮೇಲೆ ಇಡೀ ಮನುಷ್ಯ ನಿಂತಿದ್ದರು. ಕಾಲು ಸುಮ್ಮನಾಗಿತ್ತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಕೋಲು ನೆಲಕ್ಕಿಳಿಯಿತು, ನಡುಕ ತಿರುಗಿ ಬಂತು, ಸಾಲು ಮುಂದೆ ಸಾಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಡಲ್ಲಾಸಿನ ಹಿರಿಯರೊಬ್ಬರು ಮುಖ ಒರೆಸಿಕೊಳ್ಳುತ್ತಿದ್ದರು. ನನ್ನ ಗಂಡ ನನ್ನ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದ. ನಾನು ಅಳುತ್ತಿದ್ದೇನೆಂದು ಆಗ ನನಗೆ ಗೊತ್ತಾಯಿತು.

ಕುರ್ಚಿಗೆ ಬಂದು ಕೂತವರು ಬೆವರು ಒರೆಸಿಕೊಂಡು ಇರೀನಿಗೆ ಹೇಳಿದ್ದು ಒಂದೇ ಮಾತು: “ಆ ಕುಣಿತ ಆಟ ಅಲ್ಲ. ನಮ್ಮಪ್ಪ ಖರೇ ಹೇಳಿದ್ದ.”

ಮರುವಾರ ಹೋಟೆಲಿಗೆ ಬಂದರು, ಹಿತ್ತಿಲ ಬಾಗಿಲಿನಿಂದಲ್ಲ, ಮುಂಬಾಗಿಲಿನಿಂದ. ಮುಂದಿನ ಬೇಸಿಗೆಯಲ್ಲಿ ಬಾಗಿಲಿಗೆ ಬೀಗ ಹಾಕಿ, ಅಪ್ಪಮಗಳು ಕಲಿಮ್ನೋಸಿಗೆ ಹೊರಟರು. ಹಡಗು ಹತ್ತಿ ಬಿಟ್ಟುಬಂದ ಊರಿಗೆ ಅವರು ತಿರುಗಿ ಹೋದದ್ದು ಅದೇ ಮೊದಲು.

ಒಂದು ಬೆಳಿಗ್ಗೆ ಶುಗರ್ ಲ್ಯಾಂಡಿನಲ್ಲಿ ರೋಗಿಯೊಬ್ಬರ ಮನೆಯೆದುರು ಕಾರು ನಿಲ್ಲಿಸಿದ್ದೆ. ವಿಡಿಯೋ ಕರೆ ಬಂತು. ಪರದೆಯ ತುಂಬ ಮೀಸೆ, ಹಿಂದೆ ದೋಣಿಗಳು, ದೋಣಿಗಳ ಹಿಂದೆ ಬೋಳು ಗುಡ್ಡ. ಅಲ್ಲಿ ಆಗ ಮಧ್ಯಾಹ್ನ.

“ಇಲ್ಲೆ ದಂಡೀ ಮ್ಯಾಲೆ ಒಂದು ಚಾದಂಗಡಿ ಐತಿ,” ಎಂದರು. “ಒಬ್ಬನ ನಡಕೋತ ಬಂದೆ. ಮುದುಕರು ಕುಂತಿದ್ರು. ನನ್ನ ಕಾಲು ನೋಡಿದ್ರು. ಹೂಸ್ಟನ್ನಿನಾಗ ನೋಡಿದ್ರ ಮುಖ ತಿರುಗಸ್ತಾರ, ಇಲ್ಲಾಂದ್ರ ಅಯ್ಯೋ ಪಾಪ ಅಂತಾರ. ಇಲ್ಲೆ ಒಬ್ಬಾವ ಎದ್ದು ತನ್ನ ಕುರ್ಚಿ ಕೊಟ್ಟ. ಯಾವ ಕಪ್ತಾನನ ದೋಣಿ? ಅಂತ ಕೇಳಿದ.”

ಆ ಮುದುಕರು ತಮ್ಮನ್ನು ಸ್ಪಂಜಿನ ಮುಳುಗುಗಾರ ಎಂದುಕೊಂಡರು ಎಂದು ಅವರು ಬಿಡಿಸಿ ಹೇಳಲಿಲ್ಲ. ನನಗೆ ತಿಳಿಯಿತು. “ನೀವೇನಂದ್ರಿ ಅಂಕಲ್?”

“ನಾನಲ್ಲ, ನಮ್ಮಪ್ಪ ಅಂತ ಹೇಳಾಕ ಬಾಯಿ ತೆಗದೆ. ಆದ್ರ ಬಾಯಾಗಿಂದ ಬಂದಿದ್ದು ನಮ್ಮಪ್ಪನ ಕಪ್ತಾನನ ಹೆಸರು.”

“ಸುಳ್ಳು ಹೇಳಿದ್ರಿ!”

“ಸುಳ್ಳಲ್ಲ ಯವ್ವಾ.” ಅವರು ಫೋನನ್ನು ದೋಣಿಗಳ ಕಡೆ ತಿರುಗಿಸಿದರು. “ಒಂದು ಕಪ್ ಕಾಫಿ ಮುಗಿಯೂತನಕ ನಾ ನಮ್ಮಪ್ಪ ಆಗಿದ್ದೆ.”

ಈಗ ಮನೋಲಿ ಅಂಕಲ್ ಹೂಸ್ಟನ್ನಿನಲ್ಲಿದ್ದಾರೆ. ಹೋಟೆಲು ಇರೀನಿಯದು, ಅಡುಗೆಗೆ ಉಪ್ಪು ಕಡಿಮೆಯಾಯಿತೆಂಬ ದೂರು ಇವರದು. ಮುಂಬಾಗಿಲಿಗೆ ಹತ್ತಿರದ ಮೇಜಿನಲ್ಲಿ ಕೂತಿರುತ್ತಾರೆ. ಯಾರಾದರೂ ಬಂದರೆ ಎದ್ದು ನಿಲ್ಲುತ್ತಾರೆ. ಕಾಲು ನಡುಗುತ್ತದೆ, ನಡುಗಲಿ ಎಂದು ಬಿಟ್ಟು ಮಾತಾಡಿಸುತ್ತಾರೆ.

ಇನ್ನು ನನ್ನ ವಿಷಯ. ಜನರ ನಡಿಗೆಯನ್ನು ಸರಿಪಡಿಸುವುದೇ ನನ್ನ ಹೊಟ್ಟೆಪಾಡು. ಈಚೆಗೆ ಹೊಸ ರೋಗಿಗಳು ಬಂದರೆ ನೋವು ಎಲ್ಲಿ, ಎಂದಿನಿಂದ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಹೀಗೆ ನಡೆಯುತ್ತಿದ್ದರೇ? ಕೆಲವರು ವಿಚಿತ್ರವಾಗಿ ನೋಡುತ್ತಾರೆ. ಕೆಲವರು ಬಹಳ ಹೊತ್ತು ಮಾತಾಡುತ್ತಾರೆ. ನನ್ನ ಅವ್ವ ಶಾಲೆಯ ಟೀಚರು. ಜೀವನವಿಡೀ ಎಡಹೆಗಲಿಗೆ ಪುಸ್ತಕದ ಚೀಲ ಹಾಕಿ ಹಾಕಿ ಒಂದು ಕಡೆ ವಾಲಿ ನಡೆಯುತ್ತಿದ್ದಳು. ನನಗೆ ಅಂಥ ಚೀಲದ ಭಾರವೇನೂ ಇಲ್ಲ, ಆದರೂ ಹೆಗಲು ವಾಲುತ್ತದೆ. ಕನ್ನಡಿಯ ಮುಂದೆ ನಿಂತು ಅದನ್ನು ತಿದ್ದಿಕೊಳ್ಳುತ್ತಾ ಬಂದವಳು ನಾನು.

ಇವತ್ತು ಸಂಜೆ ಮಗಳ ಜೊತೆ ದಿನಸಿ ತರಲು ಹೋಗಿದ್ದೆ. ಪಾರ್ಕಿಂಗ್ ಲಾಟಿನಲ್ಲಿ ಅವಳು ನನ್ನ ಹಿಂದೆ ಬರುತ್ತಿದ್ದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಕಿಸಕ್ಕೆಂದು ನಕ್ಕು, “ಅಮ್ಮಾ, ಯು ವಾಕ್ ಜಸ್ಟ್ ಲೈಕ್ ಅಜ್ಜಿ,” ಎಂದಳು.

ಹೆಗಲನ್ನು ಸರಿಮಾಡಿಕೊಳ್ಳಲು ಹೋಗಲಿಲ್ಲ. ಹಾಗೆಯೇ ಕಾರಿನ ತನಕ ನಡೆದೆ.